ನಾಲ್ಕು ಬೆರಳಿನಷ್ಟು ದೂರ

ಆಪರೇಷನ್ ಆಗಿ ಮೂರು ದಿನವಾದರೂ ಲೈಬ್ರರಿಯವಳಿಗೆ ಅಳು ಬಂದಿರಲಿಲ್ಲ. ಅಳಬೇಕಾದವಳು ಇವಳು, ಅತ್ತು ಕಣ್ಣು ಊದಿಸಿಕೊಂಡವಳು ಅತ್ತಿಗೆ. ಎಡಗಣ್ಣಿನ ಒಳಪರದೆ ಕಳಚಿತ್ತು. ಅದು ಮತ್ತೆ ಅಂಟಿಕೊಳ್ಳಲೆಂದು ಡಾಕ್ಟರು ಕಣ್ಣೊಳಗೆ ಗ್ಯಾಸ್ ತುಂಬಿ, ವಾರವಿಡೀ ಮುಖ ಕೆಳಗೆ ಮಾಡಿಕೊಂಡೇ ಇರಬೇಕೆಂದಿದ್ದರು. ಮಂಚದ ಅಂಚಿನಾಚೆ ಮುಖ ಚಾಚಿ ಅವಳು ನೆಲ ನೋಡುತ್ತಿದ್ದಳು. ಕನ್ನಡಕವಿಲ್ಲದೆ ನೆಲವೂ ಬರೀ ಮಬ್ಬು.

ಬಲಗಣ್ಣಿನ ಪರದೆಯಲ್ಲೂ ಸಣ್ಣ ಹರಕು ಕಂಡಿತ್ತು. ಈಗಲೇ ಲೇಸರ್ ಹಾಕಿಸಿದರೆ ಉಳಿಯುತ್ತದೆ, ತಡಮಾಡಿದರೆ ಇದೂ ಅದರ ದಾರಿಯನ್ನೇ ಹಿಡಿಯುತ್ತದೆ ಎಂದಿದ್ದರು. ಅತ್ತಿಗೆ ಬೇಡಿಕೊಂಡಳು, ಬೈದಳು. ಎಲ್ಲ ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಇವಳದು ಒಂದೇ ಉತ್ತರ, ಆಗೋದು ಆಗಲಿ. ಹಠವಲ್ಲ, ಹೆದರಿಕೆಯಲ್ಲ, ಒಳಗೆ ಏನೂ ಅನ್ನಿಸುತ್ತಲೇ ಇರಲಿಲ್ಲ.

ಸಂಜೆ ಕನ್ನಡಕದಂಗಡಿಯವನು ಬಂದ. ಆರು ವರ್ಷದಿಂದ ಇವಳ ಮೈನಸ್ ಹದಿನಾಲ್ಕರ ಗಾಜು ಕೂರಿಸಿಕೊಡುತ್ತ, "ಸೋಡಾಬುಡ್ಡಿ ಮೇಡಂ" ಎಂದು ಕಾಡುತ್ತಿದ್ದವನು. ಫ್ರೇಮ್ ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಅವನ ಬೆರಳು ತುಸು ಹೆಚ್ಚೇ ಹೊತ್ತು ನಿಲ್ಲುತ್ತಿತ್ತು. ಸುಮ್ಮಸುಮ್ಮನೆ ಫ್ರೇಮ್ ಸಡಿಲ ಎನ್ನುತ್ತಿದ್ದವಳೂ ಇವಳೇ. ಈಗ ಅವನು ಅವಳ ಮುಖದ ಕೆಳಗೆ ನೆಲದ ಮೇಲೆ ಅಂಗಾತ ಮಲಗಿದ. ಅತ್ತಿಗೆ ನೋಡಿಯೂ ನೋಡದವಳಂತೆ ಅಡುಗೆಮನೆಗೆ ಹೋದಳು.

"ಕಪ್ಪು ಚುಕ್ಕೆ ತೇಲ್ತಿವೆ, ಮಿಂಚು ಹೊಡೆದ ಹಾಗಾಗತ್ತೆ ಅಂದ್ರಿ," ಎಂದ ಅವನು. "ನಾನು ಗಾಜಲ್ಲಿ ಗೀರು ಬಿದ್ದಿದೆ ಅಂದೆ. ಹತ್ತು ದಿನ ಬಿಟ್ಟು ಹೊಸದು ಹಾಕ್ಕೊಡ್ತೀನಿ ಅಂದೆ. ಆವತ್ತೇ ಆಸ್ಪತ್ರೆಗೆ ಕಳಿಸಬೇಕಿತ್ತು."

ಸಿಟ್ಟು ಬರಬೇಕಿತ್ತು. ಒಳಗೆಲ್ಲ ಹುಡುಕಿದಳು, ಸಿಗಲಿಲ್ಲ. ಯಾಕೆ ಕಳಿಸಲಿಲ್ಲ ಎಂದು ಕೇಳಿದಳು.

"ಗಾಜಿಗೋಸ್ಕರ ಮತ್ತೆ ಬರ್ತೀರಲ್ಲ ಅಂತ ಖುಷಿಯಾಗಿತ್ತು. ಬೇರೇನೂ ಯೋಚನೇನೇ ಬರಲಿಲ್ಲ. ನೀವಂದ್ರೆ ನಂಗೆ ಅಷ್ಟು ಇಷ್ಟ."

"ಹತ್ತಿರ ಬನ್ನಿ. ನಾಲ್ಕು ಬೆರಳಿನಾಚೆ ನಂಗೇನೂ ಕಾಣಲ್ಲ."

ಅವನು ಮೊಣಕೈ ಊರಿ ತಲೆಯೆತ್ತಿದ. ಮಬ್ಬಿನೊಳಗಿಂದ ಮೊದಲು ಮೂಗು ಬಂತು, ಆಮೇಲೆ ಹುಬ್ಬು, ಆಮೇಲೆ ಒದ್ದೆಯಾದ ರೆಪ್ಪೆ. ಆರು ವರ್ಷದಲ್ಲಿ ಅವನ ಮುಖವನ್ನು ಗಾಜಿಲ್ಲದೆ ನೋಡಿದ್ದು ಇದೇ ಮೊದಲು. ಅವನ ಕುತ್ತಿಗೆ ನಡುಗುತ್ತಿತ್ತು, ಆದರೂ ತಲೆ ಇಳಿಸಲಿಲ್ಲ.

"ನಂಗೀಗ ಸಿಟ್ಟೂ ಇಲ್ಲ, ಪ್ರೀತೀನೂ ಇಲ್ಲ," ಎಂದಳು ಅವಳು ನಿಧಾನವಾಗಿ. "ಎಲ್ಲ ಜೋಮು ಹಿಡಿದಿದೆ. ಆದ್ರೆ ಅದು ಬಿಟ್ಟ ದಿನ ಈ ಮುಖ ನಂಗೆ ಕಾಣಬೇಕು."

ಆಮೇಲೆ ಅತ್ತಿಗೆಯನ್ನು ಕೂಗಿ, ಲೇಸರ್‌ಗೆ ನಾಳೆ ಬೆಳಿಗ್ಗೆಯೇ ಹೋಗೋಣ ಎಂದಳು.