ಹದಿನೇಳನೇ ಸೀಸೆಯ ಕಿತ್ತಳೆ

ಮೊದಲ ದಿನವೇ ಅವನು ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ. ನೀವು ಏನೇನೋ ಊಹಿಸಿಕೊಳ್ಳಬೇಡಿ. ಮೂಸುವುದು ಅವನ ಕೆಲಸ, ಮೂಸಿಸಿಕೊಳ್ಳುವುದು ನನ್ನದು. ನಮ್ಮದು ಪರ್ಫ್ಯೂಮ್ ತಯಾರಿಸುವ ಸಣ್ಣ ಲ್ಯಾಬ್. ಅವನು ಬೆರೆಸಿಕೊಟ್ಟದ್ದನ್ನು ನಾನು ಬೆಳಿಗ್ಗೆ ಒಂಬತ್ತಕ್ಕೆ ಮಣಿಕಟ್ಟಿಗೆ ಹಚ್ಚಿಕೊಂಡು, ಗಂಟೆಗೊಮ್ಮೆ ಮೂಸಿ, ಯಾವ ಪರಿಮಳ ಉಳಿದಿದೆ, ಯಾವುದು ಹಾರಿಹೋಗಿದೆ ಎಂದು ಕಾರ್ಡಿನಲ್ಲಿ ಬರೆಯಬೇಕು. ಆಫೀಸಿನಲ್ಲಿ ಅವನಿಗೆ ‘ಮೂಗು’ ಎಂದು ಹೆಸರು, ನನಗೆ ‘ಕೈ’.

“ಕೈ ಬಂತಾ? ಮೂಗು ಆಗ್ಲಿಂದ ಕಾಯ್ತಾ ಇದೆ,” ಎಂದು ಲ್ಯಾಬಿನ ಯಜಮಾನಿ ದೊಡ್ಡ ಮೇಡಂ ದಿನಾ ಬೆಳಿಗ್ಗೆ ಕೂಗುತ್ತಿದ್ದರು.

“ಸೋಪು ಹಾಕಿದ್ದೀರಾ?” ಇದು ಅವನು ನನ್ನೊಡನೆ ಆಡಿದ ಮೊದಲ ಮಾತು.

“ಹೌದು. ಸ್ನಾನ ಮಾಡೋ ಅಭ್ಯಾಸ ಇದೆ ನನಗೆ.”

“ನಾಳೆಯಿಂದ ಈ ಕೈಗೆ ಬೇಡ. ಬರೀ ನೀರು.”

“ಇನ್ನೊಂದು ಕೈಗೆ ಹಾಕಬಹುದಾ, ಅದಕ್ಕೂ ಪರ್ಮಿಷನ್ ತಗೋಬೇಕಾ?”

ಅವನು ತಲೆ ಎತ್ತಿ ನೋಡಿದ. ನಗಬೇಕೋ ಬೇಡವೋ ಎಂದು ತುಟಿಗಳು ಸ್ವಲ್ಪ ಹೊತ್ತು ಯೋಚಿಸಿದವು. ಕೊನೆಗೆ ಎಡಗಡೆ ಮಾತ್ರ ನಕ್ಕವು. ಆ ಅರ್ಧ ನಗೆಗೇ ನಾನು ಬಿದ್ದೆ, ಪೂರ್ತಿ ನಕ್ಕಿದ್ದರೆ ಏನಾಗುತ್ತಿತ್ತೋ.

ಗಿರಾಕಿ ಕೇಳಿದ್ದು ಹಗಲು ಹಚ್ಚಿಕೊಳ್ಳುವ ಪರ್ಫ್ಯೂಮ್. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ಹೆಂಗಸರಿಗಾಗಿ, ಕಿತ್ತಳೆ, ನಿಂಬೆ, ಜೊತೆಗೆ ಗುಲಾಬಿ. ಗುಲಾಬಿಯ ತಾಪತ್ರಯವಿಲ್ಲ, ಸಂಜೆಯವರೆಗೂ ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ. ಕಿತ್ತಳೆ, ನಿಂಬೆ ಹಾಗಲ್ಲ. ಬಾಗಿಲಲ್ಲೇ ನಿಂತು ಮಾತಾಡಿಸಿ ಹೊರಟುಬಿಡುವ ನೆಂಟರಂತೆ. ಅವು ಮಧ್ಯಾಹ್ನ ಎರಡರವರೆಗೂ ಉಳಿಯಬೇಕು ಎಂಬುದು ಷರತ್ತು. ಆರು ತಿಂಗಳು ಗಡುವು.

ಲ್ಯಾಬಿನಲ್ಲಿ ಒಂದು ನಿಯಮವಿತ್ತು. ಮಾಡಿದವನ ಮೂಗಿನ ಮಾತು ನಡೆಯುವುದಿಲ್ಲ. ದಿನವಿಡೀ ಕಿತ್ತಳೆ ಎಣ್ಣೆಯ ನಡುವೆ ಇರುವವನಿಗೆ ಇಲ್ಲದ ಕಿತ್ತಳೆಯೂ ಇದ್ದಂತೆ ಅನಿಸುತ್ತದೆ. ಹಾಗಾಗಿ ಹಚ್ಚಿಕೊಂಡವಳ ಕಾರ್ಡೇ ಕೊನೆಯ ಮಾತು. ಇನ್ನೊಬ್ಬಳು ಟೆಸ್ಟರ್ ಬಾಣಂತನಕ್ಕೆ ಹೋಗಿದ್ದಳು. ದೊಡ್ಡ ಮೇಡಂಗೆ ವರ್ಷವಿಡೀ ನೆಗಡಿ, ಅವರು ಕಾರ್ಡು ಓದುತ್ತಿದ್ದರೇ ಹೊರತು ಕೈ ಮೂಸುತ್ತಿರಲಿಲ್ಲ. ಉಳಿದವಳು ನಾನೊಬ್ಬಳೇ.

ದಿನಕ್ಕೆ ನಾಲ್ಕು ಸಲ ಅವನು ನನ್ನ ಮೇಜಿಗೆ ಬರುತ್ತಿದ್ದ. ಎರಡೇ ಬೆರಳಿನಿಂದ ನನ್ನ ಮಣಿಕಟ್ಟು ಎತ್ತಿ ಕಣ್ಣು ಮುಚ್ಚುತ್ತಿದ್ದ. ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು. ನನ್ನ ನಾಡಿ ಅವನ ಮೂಗಿನ ಕೆಳಗೇ ಡಬಡಬ ಹೊಡೆದುಕೊಳ್ಳುತ್ತಿತ್ತು.

“ಏನು, ಭಯಾನಾ?”

“ಕಾಫಿ ಜಾಸ್ತಿ ಆಯ್ತು.”

“ಕಾಫಿ ಕುಡೀಬಾರದು ಅಂತ ಹೇಳಿದ್ನಲ್ಲ.”

“ಅದಕ್ಕೇ ಭಯ.”

ಹದಿನೇಳನೇ ಸೀಸೆ ಹಚ್ಚಿದ ದಿನ ಮಧ್ಯಾಹ್ನ ಎರಡಕ್ಕೂ ಕಿತ್ತಳೆ ಇತ್ತು. ಆಗ ತಾನೇ ಸಿಪ್ಪೆ ಸುಲಿದ ಹಾಗೆ, ಅದರ ಬೆನ್ನಿಗೇ ಗುಲಾಬಿ. ಅವನು ಮೂಸಿದ, ಕಣ್ಣು ಬಿಟ್ಟ, ಮತ್ತೆ ಮೂಸಿದ.

“ನನಗೆ ಇನ್ನೂ ಬರ್ತಾ ಇದೆ,” ಎಂದ. “ನಿಮಗೆ?”

ನಾನು ಪೆನ್ನು ತೆಗೆದುಕೊಂಡೆ. ‘ಇದೆ’ ಎಂದು ಬರೆದರೆ ಕೆಲಸ ಮುಗಿಯಿತು. ಮುಂದಿನ ಪರ್ಫ್ಯೂಮ್ ಗಂಡಸರದು, ಅದಕ್ಕೆ ಬೇರೆ ಕೈ. ನನ್ನನ್ನು ಸೋಪಿನ ವಿಭಾಗಕ್ಕೆ ಹಾಕುತ್ತಾರೆ, ಮೂಗು ಮೇಲಿನ ಮಹಡಿಯಲ್ಲೇ ಇರುತ್ತದೆ. ಗಡುವಿಗೆ ಇನ್ನೂ ಮೂರು ತಿಂಗಳಿತ್ತು. ನಾಲ್ಕು ದಿನ ತಡವಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ.

“ಇಲ್ಲ. ಹನ್ನೊಂದಕ್ಕೇ ಹೋಯ್ತು,” ಎಂದೆ. ಹಾಗೆಯೇ ಬರೆದೆ.

ಅವನ ಮುಖ ಬಾಡಿತು. ಆದರೂ, “ನಾಳೆ ನೋಡೋಣ,” ಎಂದ. ನನಗೆ ಬೇಕಾಗಿದ್ದದ್ದು ಆ ‘ನಾಳೆ’.

ಸಂಜೆ ಮನೆಯಲ್ಲಿ ಅಕ್ಕ ನನ್ನ ಕೈಯಿಂದ ಬ್ಯಾಗು ತೆಗೆದುಕೊಳ್ಳುತ್ತ, “ಯಾರೇ ಅದು, ನಿನಗೆ ಕಿತ್ತಳೆ ಸುಲಿದು ತಿನ್ನಿಸಿದ್ದು?” ಎಂದು ಕಣ್ಣು ಮಿಟುಕಿಸಿದಳು. ನಾನು ನಾಚಿಕೊಂಡೆ. ನಾಚಿಕೆಗೆಟ್ಟವಳು, ನಾಚಿಕೊಂಡೆ.

ಹದಿನೆಂಟು, ಇಪ್ಪತ್ತು, ಇಪ್ಪತ್ತೈದು. ಪ್ರತಿ ಸೀಸೆಗೂ ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವನು ಬರುವುದು ದಿನಕ್ಕೆ ಆರು ಸಲವಾಯಿತು. ಒಮ್ಮೆ ಕೈ ಬಿಡುವುದನ್ನೇ ಮರೆತು ಕಿಟಕಿ ನೋಡುತ್ತ ನಿಂತ. ನಾನೂ ನೆನಪಿಸಲಿಲ್ಲ.

ಇಪ್ಪತ್ತೊಂಬತ್ತನೇ ಸೀಸೆಯ ದಿನ ಅವನು ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತ.

“ಹೋದ ವರ್ಷ ಜ್ವರ ಬಂದು ಮೂರು ವಾರ ನನ್ನ ಮೂಗು ಹೋಗಿತ್ತು. ಯಾರಿಗೂ ಹೇಳಿಲ್ಲ. ವಾಪಸ್ ಬಂತು ಅಂದ್ಕೊಂಡಿದ್ದೆ,” ಎಂದ. “ನನಗೆ ದಿನಾ ಎರಡು ಗಂಟೇಲೂ ಕಿತ್ತಳೆ ಬರುತ್ತೆ. ನಿಮ್ಮ ಕಾರ್ಡಲ್ಲಿ ಇರಲ್ಲ. ಅಂದ್ರೆ ಇಲ್ಲದ್ದು ನನಗೆ ಬರ್ತಿದೆ.”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅವನು ಎಂದೂ ಇಲ್ಲದ ಸಲಿಗೆಯಿಂದ ನನ್ನ ಅಂಗೈಯನ್ನು ತನ್ನ ಹಣೆಗೆ ಒತ್ತಿಕೊಂಡ. “ನಿಮ್ಮ ಮೂಗೊಂದು ಇದೆಯಲ್ಲ, ಅದೇ ಧೈರ್ಯ,” ಎಂದ. ಇನ್ನೊಂದೇ ವಾರ ಎಂದುಕೊಂಡು ಸುಮ್ಮನಾದೆ. ನನ್ನಂಥ ಸ್ವಾರ್ಥಿ ಇನ್ನೊಬ್ಬಳಿಲ್ಲ.

ಗಡುವಿನ ಕೊನೆಯ ವಾರ ‘ಇದೆ’ ಎಂದು ಬರೆಯಲು ನಾನು ಸಿದ್ಧಳಾಗಿದ್ದೆ. ಆದರೆ ಅಷ್ಟರಲ್ಲಿ ಅವನು ಕೆಡದೇ ಇದ್ದದ್ದನ್ನು ರಿಪೇರಿ ಮಾಡಿ ಮಾಡಿ ನಿಜವಾಗಿಯೂ ಕೆಡಿಸಿದ್ದ. ನಲವತ್ತೊಂದನೇ ಸೀಸೆ ನೆಲ ಒರೆಸುವ ನೀರಿನಂತೆ ನಾರುತ್ತಿತ್ತು.

“ಹದಿನೇಳನ್ನೇ ಕಳಿಸಿ,” ಎಂದು ಗೋಗರೆದೆ.

“ಹನ್ನೊಂದಕ್ಕೇ ಹೋಗಿದ್ದನ್ನಾ?” ಎಂದು ಅವನು ಕಾರ್ಡು ತೆಗೆದು ನನ್ನ ಅಕ್ಷರವನ್ನೇ ನನಗೆ ತೋರಿಸಿದ. ಗಡುವು ಮುಗಿದಿತ್ತು, ನಲವತ್ತೊಂದನ್ನೇ ಗಿರಾಕಿಗೆ ಕಳಿಸಿದರು. ಮೂರೇ ದಿನಕ್ಕೆ ಗಿರಾಕಿ ಬೇರೆ ಲ್ಯಾಬಿನದನ್ನು ಆರಿಸಿಕೊಂಡರು. ಮೂಗು ರಾಜೀನಾಮೆ ಬರೆದುಕೊಟ್ಟಿತು.

ಅವನ ಕೊನೆಯ ದಿನ ನಾನು ಒಂಬತ್ತಕ್ಕೇ ಹೋಗಿ ಶೆಲ್ಫಿನ ಮೂಲೆಯಲ್ಲಿದ್ದ ಹದಿನೇಳನೇ ಸೀಸೆಯಿಂದ ಹಚ್ಚಿಕೊಂಡೆ. ಐದು ಗಂಟೆಗಳ ಕಾಲ ಕೈ ತೊಳೆಯಲಿಲ್ಲ, ಊಟಕ್ಕೂ ಕೂರಲಿಲ್ಲ. ಎರಡಕ್ಕೆ ಅವನ ಕೋಣೆಗೆ ಹೋದೆ. ಅವನು ಡ್ರಾಯರ್ ಖಾಲಿ ಮಾಡುತ್ತಿದ್ದ.

“ನಾನು ಸುಳ್ಳು ಬರೆದೆ,” ಎಂದೆ. “ಹದಿನೇಳರಿಂದಲೂ. ಕಿತ್ತಳೆ ಇತ್ತು. ಕೆಲಸ ಮುಗಿದ್ರೆ ನೀವು ನನ್ನ ಮೇಜಿಗೆ ಬರಲ್ಲ ಅಂತ ಸುಳ್ಳು ಬರೆದೆ. ನಿಮ್ಮ ಮೂಗು ಚೆನ್ನಾಗೇ ಇದೆ. ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ. ಹೋಗಬೇಡಿ.”

ಅವನು ಡ್ರಾಯರ್ ಮುಚ್ಚಿದ. ಆಮೇಲೆ ಅದೇ ಅರ್ಧ ನಗೆ ನಕ್ಕ.

“ನಿಮಗೆ ಸುಳ್ಳು ಹೇಳೋಕೆ ಬರಲ್ಲ,” ಎಂದ.

“ಇದು ಸುಳ್ಳಲ್ಲ!”

“ಆರು ತಿಂಗಳಲ್ಲಿ ನೀವು ಹೇಳಿದ ಮೊದಲ್ನೇ ಸುಳ್ಳು. ಅದೂ ನನ್ನ ಸಮಾಧಾನಕ್ಕೆ. ನನಗೋಸ್ಕರ ಯಾರೂ ಇಷ್ಟು ಮಾಡಿಲ್ಲ.”

ನಾನು ಕೈ ಅವನ ಮೂಗಿಗೆ ಒಡ್ಡಿದೆ. “ಮೂಸಿ. ಈಗಲೂ ಇದೆ.”

ಅವನು ಎರಡೇ ಬೆರಳಿನಿಂದ ಕೈ ಎತ್ತಿದ, ಕಣ್ಣು ಮುಚ್ಚಿದ. “ಬರ್ತಾ ಇದೆ,” ಎಂದ. “ನನಗೆ ಯಾವಾಗ್ಲೂ ಬರ್ತಾನೇ ಇತ್ತಲ್ಲ.”

ನಾನು ಓಡಿಹೋಗಿ ಗೇಟಿನ ವಾಚ್‌ಮನ್‌ನನ್ನು ಎಳೆದುಕೊಂಡು ಬಂದೆ. ಪಾಪ, ಅವನು ಟೋಪಿ ತೆಗೆದು ಕಂಕುಳಲ್ಲಿಟ್ಟು, ಗೌರವದಿಂದ ಬಗ್ಗಿ ನನ್ನ ಮಣಿಕಟ್ಟು ಮೂಸಿದ.

“ಘಮ್ ಅಂತಿದೆ ಮೇಡಂ. ಒಳ್ಳೆ ಸೋಪು,” ಎಂದ.

ಮೂಗು ಜೋರಾಗಿ ನಕ್ಕುಬಿಟ್ಟಿತು. ಎರಡೂ ಕಡೆ, ಪೂರ್ತಿ ನಗು. ನಾನು ಅದನ್ನು ನೋಡಿದ್ದು ಅದೇ ಮೊದಲು.

ವಾಚ್‌ಮನ್ ಹೋದ ಮೇಲೆ ಅವನು ಬ್ಯಾಗಿನ ಜಿಪ್ ಎಳೆದ. “ನಮ್ಮ ಭಾವನ ಪ್ರಿಂಟಿಂಗ್ ಪ್ರೆಸ್‌ಗೆ ಸೇರ್ತಿದೀನಿ. ಅಲ್ಲಿ ಕಣ್ಣಿದ್ರೆ ಸಾಕು.” ನೆಲ ನೋಡುತ್ತ ಹೇಳಿದ, “ಈ ಪರ್ಫ್ಯೂಮ್ ಮುಗಿದ ದಿನ ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದ್ದೆ. ಕೆಲಸದ ಮಧ್ಯೆ ಕೇಳಿದ್ರೆ ನಿಮಗೆ ಮುಜುಗರ ಆಗುತ್ತೆ ಅಂತ ಕಾದೆ. ಅದು ಮುಗೀಲೇ ಇಲ್ಲ.”

ಮೂರು ತಿಂಗಳ ಹಿಂದೆಯೇ, ಹದಿನೇಳನೇ ಸೀಸೆಯ ದಿನವೇ, ಮಧ್ಯಾಹ್ನ ಎರಡು ಗಂಟೆಗೆ ಅವನು ಕೇಳುತ್ತಿದ್ದ. ನಾನೇ ಪೆನ್ನು ಹಿಡಿದು ಬೇಡವೆಂದು ಬರೆದಿದ್ದೆ.

“ಈಗ ಕೇಳಿ,” ಎಂದೆ. ಅಳು ನುಗ್ಗಿ ಬಂತು. “ಈಗಲೇ ಕೇಳಿ. ಹೂಂ ಅಂತೀನಿ.”

“ಗೊತ್ತು,” ಎಂದ ಅವನು ಮೆಲ್ಲಗೆ. “ಇವತ್ತು ನೀವು ಎಲ್ಲದಕ್ಕೂ ಹೂಂ ಅಂತೀರ. ನನ್ನ ಸ್ಥಿತಿ ನೋಡೋಕಾಗ್ತಿಲ್ಲ ಅಂತ ಹೂಂ ಅಂತೀರ. ಅದು ನನಗೆ ಬೇಡ.”

ನನ್ನ ಕೈಯನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, “ಇನ್ನು ಸೋಪು ಹಾಕಬಹುದು,” ಎಂದು ಹೊರಟುಹೋದ.

ಸಂಜೆ ಆರಕ್ಕೆ ಅಕ್ಕ ಬಾಗಿಲು ತೆರೆದು, ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಕರೆದುಕೊಂಡಳು. ಪಕ್ಕದಲ್ಲಿ ಕೂತು ನನ್ನ ಕೈ ಸವರುತ್ತಿದ್ದವಳು ಇದ್ದಕ್ಕಿದ್ದಂತೆ ಬಗ್ಗಿ ಮೂಸಿದಳು.

“ಅಬ್ಬಾ, ಇನ್ನೂ ಇದೆಯಲ್ಲೇ ಕಿತ್ತಳೆ! ಎಷ್ಟು ಹೊತ್ತು ಇರುತ್ತೆ ಇದು?”

ನಾನು ಬ್ಯಾಗಿನಿಂದ ಖಾಲಿ ಕಾರ್ಡೊಂದನ್ನು ತೆಗೆದೆ. ‘ಸೀಸೆ ಹದಿನೇಳು, ಸಂಜೆ ಆರು ಗಂಟೆ’ ಎಂದು ಬರೆದೆ. ಅದರ ಮುಂದೆ ‘ಇದೆ’ ಎಂದು ಬರೆದು, ಯಾರಿಗೆ ಕೊಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂತೆ.