ಕ್ರೇಗಿಬರ್ನ್‌ನ ಉಬ್ಬಿದ ಬಾಗಿಲು

"ಮೇಡಂ, ಆ ಬಾಗಿಲನ್ನ ನಾನು ಒದ್ದಿಲ್ಲ. ಪ್ರಾಮಿಸ್."

ಹೀಗೆಂದ ಅಮೃತ್ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದ. ಅದು 2007ರ ನವೆಂಬರ್, ಮೆಲ್ಬರ್ನಿನಲ್ಲಿ ಬರಗಾಲ. ನಾನು, ಗೋಪಾಲ, ಡ್ಯಾಂಡಿನಾಂಗ್‌ನಲ್ಲಿ ಅರುಂಧತಿಯವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಮೈಸೂರಿನಲ್ಲಿ ಇಪ್ಪತ್ತು ವರ್ಷ ವಿಮಾ ಕಂಪನಿಗಾಗಿ ನಷ್ಟದ ತನಿಖೆ ಮಾಡಿದವರು. ಇಲ್ಲಿನ ಕನ್ನಡದವರು ಬಗೆಹರಿಯದ್ದನ್ನೆಲ್ಲ ಅವರ ಮುಂದೆ ತಂದಿಡುತ್ತಿದ್ದರು. ಟೀ ಮಾಡುವುದು, ಕಾರು ಓಡಿಸುವುದು ನನ್ನ ಪಾಲು. ತಲೆ ಅವರದು.

ಅಮೃತ್ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಪಿಆರ್‌ಗೆ, ಅಂದರೆ ಕಾಯಂ ನೆಲೆಸುವ ಪರವಾನಗಿಗೆ, ಕಾಯುತ್ತಿದ್ದ ಹಾಸನದ ಹುಡುಗ. ಕ್ರೇಗಿಬರ್ನ್‌ನಲ್ಲಿ ಧಾರವಾಡದ ವಿಜಯನ ಮನೆಯ ಒಂದು ರೂಮಿನಲ್ಲಿದ್ದ. ಅವನು ಸೇರಿದ ಏಪ್ರಿಲ್‌ನಿಂದ ಈಚೆಗೆ ಆ ಮನೆಯ ಮುಂಬಾಗಿಲು ಕೆಳಗಡೆ ಕೊಳೆತು ಉಬ್ಬಿತ್ತು. ಶನಿವಾರ ಬಡಗಿ ಹೊಸ ಬಾಗಿಲು ಹಾಕುವವನಿದ್ದ. ಒದ್ದು ಕೆಡಿಸಿದವನು ಅಮೃತನೇ ಎಂಬುದು ವಿಜಯನ ನಂಬಿಕೆ, ಹಾಗಾಗಿ ಅಂದೇ ಅವನು ಗಂಟುಮೂಟೆ ಕಟ್ಟಬೇಕಿತ್ತು.

"ನೀನು ಬಾಗಿಲಿಗೆ ಕಾಲೇ ತಾಗಿಸಿಲ್ಲವಾ?" ಎಂದರು ಅರುಂಧತಿ.

"ಊದಿಕೊಂಡು ಟೈಟ್ ಆದ್ಮೇಲೆ ಒಂದ್ಸಲ ಮಂಡಿಯಿಂದ ತಳ್ಳಿದೆ. ಅದನ್ನೇ ವಿಜಯಣ್ಣ ನೋಡ್ಬಿಟ್ರು. ಬೇರೆ ರೂಮ್ ಸಿಗತ್ತೆ ಮೇಡಂ. ಆದ್ರೆ ಅಜ್ಜಿ... ನಾನು ಮೂರು ಗಂಟೆಗೆ ಬರೋವರೆಗೂ ಅವ್ರ ಜೊತೆ ಮಾತಾಡೋರೇ ಇಲ್ಲ. ಮಕ್ಕಳು ಇಂಗ್ಲಿಷ್ ಬಿಟ್ಟು ಬೇರೆ ಆಡಲ್ಲ. ನಂಗೆ ಬೇರೆ ಕಡೆ ಕೆಲಸ ಸಿಕ್ಕು ಮನೆ ಬಿಡ್ತಿದೀನಿ ಅಂತ ವಿಜಯಣ್ಣ ಅವ್ರಿಗೆ ಸುಳ್ಳು ಹೇಳಿದಾರೆ."

ಅಜ್ಜಿ ಅಂದರೆ ವಿಜಯನ ತಾಯಿ ಶಿವಲಿಂಗವ್ವ. ಗುರುವಾರ ನಾವು ಹೋದಾಗ ಮನೆಯಲ್ಲಿ ಅವರೊಬ್ಬರೇ. ಬೆಲ್ ಒತ್ತಿದರೆ ಮುಂಬಾಗಿಲು ತೆರೆಯಲಿಲ್ಲ. ಪಕ್ಕದ ಗೇಟಿನಿಂದ ತಲೆ ಹಾಕಿ ಕರೆದರು.

"ಹಿಂಗ ಬರ್ರಿ. ಆ ಬಾಗಲ ತನಗ ತಾನ ಲಾಕ್ ಆಗ್ತದ. ಬಂದ ಹೊಸದಾಗ ಒಮ್ಮೆ ಹೊರಗ ಸಿಕ್ಕೊಂಡು ಅಮೃತ ಬರೂತನಕ ಬಿಸಲಾಗ ಕುಂತಿದ್ದೆ."

ಅರುಂಧತಿಯವರು ಮುಂಬಾಗಿಲ ಮುಂದೆ ಮಂಡಿಯೂರಿದರು. ಕೆಳಗಿನಿಂದ ಒಂದು ಗೇಣು ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ತಗ್ಗು, ಬಿರುಕು ಇರಲಿಲ್ಲ. ಅಂಗಳದ ಹುಲ್ಲೆಲ್ಲ ಸುಟ್ಟು ಹೋಗಿದ್ದರೂ ಮೆಟ್ಟಿಲ ಪಕ್ಕ ಒಂದು ಹಿಡಿ ಹುಲ್ಲು ಹಸಿರಾಗಿತ್ತು. ಹಿಂದಿನ ನಲ್ಲಿಯ ಬಳಿ ತಂಬಿಗೆಯೊಂದು ಕವುಚಿತ್ತು. ನನಗೆ ಇದರಲ್ಲಿ ಏನೂ ಹೊಳೆಯಲಿಲ್ಲ. ಅಜ್ಜಿ ಕೊಟ್ಟ ಚುರುಮುರಿ ಮಾತ್ರ ಚೆನ್ನಾಗಿತ್ತು. ಹೊರಡುವಾಗ ಅವರು ನಮ್ಮನ್ನು ಮೂರು ಸಲ ತಡೆದು ಕೂರಿಸಿದರು.

ಶನಿವಾರ ಬಡಗಿ ಹಳೆಯ ಬಾಗಿಲನ್ನು ಕಳಚಿ ಅಂಗಳದಲ್ಲಿ ಮಲಗಿಸಿದ್ದ. ವಿಜಯ, ಅವನ ಹೆಂಡತಿ ಪಲ್ಲವಿ, ಅಜ್ಜಿ, ಬ್ಯಾಗು ಹಿಡಿದ ಅಮೃತ್ ಎಲ್ಲರನ್ನೂ ಅರುಂಧತಿಯವರು ಅದರ ಸುತ್ತ ನಿಲ್ಲಿಸಿದರು.

"ಒದ್ದರೆ ಮರ ಒಡೆಯುತ್ತೆ, ಉಬ್ಬಲ್ಲ. ಇದು ನೀರು ಕುಡಿದಿದೆ. ಇದರ ತಳಕ್ಕೆ ಯಾರೂ ಬಣ್ಣವೇ ಬಳಿದಿಲ್ಲ, ನೋಡಿ."

"ಮಳಿನ ಇಲ್ಲಲ್ರೀ?" ಎಂದ ವಿಜಯ.

"ಮಳೆಯಾಗಿದ್ದರೆ ಅಂಗಳವೆಲ್ಲ ಹಸಿರಾಗಬೇಕಿತ್ತು. ಹಸಿರಿರುವುದು ಮೆಟ್ಟಿಲ ಪಕ್ಕ ಮಾತ್ರ. ಅಂದರೆ ಯಾರೋ ದಿನಾ ಒಂದು ತಂಬಿಗೆ ನೀರು ಹಾಕಿದ್ದಾರೆ, ನೀವೆಲ್ಲ ಹೋದ ಮೇಲೆ. ಏಪ್ರಿಲ್‌ನಲ್ಲಿ ಈ ಮನೆಗೆ ಬಂದ ಹೊಸಬರು ಯಾರು?"

"ಅಮೃತ್."

"ಅಷ್ಟೇನಾ?"

ಪಲ್ಲವಿ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

"ಊರಲ್ಲಿ ಬಾಗಿಲು ತೆರೆದಿಟ್ಟು ಹೊಸ್ತಿಲು ತೊಳೀತೀವಿ, ನೀರು ಹೊರಗೆ ಹರಿದು ಹೋಗತ್ತೆ," ಎಂದರು ಅರುಂಧತಿ. "ಇಲ್ಲಿ ಬಾಗಿಲು ತಾನೇ ಲಾಕ್ ಆಗತ್ತೆ ಅನ್ನೋ ಭಯಕ್ಕೆ ಅಮ್ಮ ಹಿಂದಿನಿಂದ ಸುತ್ತಿ ಬಂದು, ಮುಚ್ಚಿದ ಬಾಗಿಲ ಬುಡಕ್ಕೇ ನೀರು ಹಾಕಿದ್ದಾರೆ."

ಶಿವಲಿಂಗವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಹೌದ. ಅರಿಶಿಣ ಹಚ್ಚಬ್ಯಾಡ ಅಂದಿದ್ದ ಮಗ, ಹಚ್ಚಲಿಲ್ಲ. ನೀರರ ಹಾಕಲಿಲ್ಲಂದ್ರ ಹೆಂಗ? ತೊಳದ ಹೊಸ್ತಿಲಿಗಿ ನಾಕ ಮಂದಿ ಬರ್ತಾರ. ಇಲ್ಲಿ ಏಳ ತಿಂಗಳಾತು, ಈ ಹುಡುಗನ್ನ ಬಿಟ್ರ ಯಾರೂ ಬರಲಿಲ್ಲ." ಆಮೇಲೆ ಮಗನತ್ತ ನೋಡಿದರು. "ಇದರ ಸಲುವಾಗಿ, ಕೆಲಸ ಸಿಕ್ಕೈತಿ ಅಂತ ನನಗ ಸುಳ್ಳ ಹೇಳಿ, ಅವನ್ನ ಕಳಸಾಕತ್ತಿ? ನನ್ನ ಒಂದ ಮಾತ ಕೇಳಬಾರದಾಗಿತ್ತ?"

ವಿಜಯ ನೆಲ ನೋಡಿದ. "ತಪ್ಪಾತು ಅಮೃತ್. ಇಲ್ಲೇ ಇರು."

ಅಮೃತ್ ಬ್ಯಾಗು ಕೆಳಗಿಡಲಿಲ್ಲ. "ಥ್ಯಾಂಕ್ಸ್ ಅಣ್ಣ. ಆದ್ರೆ ಒಂದು ತಿಂಗಳು ನೀವು ನನ್ನ ನೋಡಿದ ರೀತಿ... ನಂಗಾಗಲ್ಲ. ಒಳಗೆ ಒಂದು ಪೆಟ್ಟಿಗೆ ಇದೆ, ತಗೊಂಡು ಹೋಗ್ತೀನಿ."

ಅವನು ಒಳಗೆ ಹೋಗಿ ಪೆಟ್ಟಿಗೆ ಹಿಡಿದು ಬರುವಷ್ಟರಲ್ಲಿ ಶಿವಲಿಂಗವ್ವ ಹೊಸ್ತಿಲ ಮೇಲೆ ಕೂತಿದ್ದರು. ಹೊಸ್ತಿಲು ತುಳಿದರೆ ಮೊಮ್ಮಕ್ಕಳನ್ನೂ ಗದರುತ್ತಿದ್ದ ಹೆಂಗಸು, ಬಾಗಿಲಿಲ್ಲದ ಆ ಚೌಕಟ್ಟಿನಲ್ಲಿ ಎರಡೂ ಕಡೆ ಕೈ ಊರಿ ಕೂತುಬಿಟ್ಟಿದ್ದರು.

"ಅಜ್ಜಿ, ಅಲ್ಲಿ ಕೂರಬಾರದು. ಏಳಿ."

"ನನಗ ಗೊತ್ತೈತಿ. ನೀ ಪೆಟಿಗಿ ಇಡು, ಏಳತೀನಿ."

ಹುಡುಗ ಪೆಟ್ಟಿಗೆ ಇಟ್ಟ. ಆಗಲೂ ಅಜ್ಜಿ ಏಳಲಿಲ್ಲ, ಮುಖಕ್ಕೆ ಸೆರಗು ಹಿಡಿದು ಅಳತೊಡಗಿದರು. ಅವನೂ ಅವರ ಹಿಂದೆ ನೆಲದ ಮೇಲೇ ಕೂತ. ಹೊಸ ಬಾಗಿಲನ್ನು ಗೋಡೆಗೊರಗಿಸಿ ಬಡಗಿ ಕಾಯುತ್ತ ನಿಂತ. ಇನ್ನೂ ಎಷ್ಟು ಹೊತ್ತು ಎಂದು ಅವನು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಅರ್ಧ ಗಂಟೆ ಎಂದೆ.