ಯಾನಿಕ್ ಹೇಳದ ಅಂಗಡಿ

"ಮೇಡಂ, ಪುಸ್ತಕ ಕೊಳ್ಳೋಕೆ ಬಂದಿದ್ದೀರಾ, ಇಲ್ಲಾ ನನ್ನನ್ನ ಕೊಲ್ಲೋಕೆ ಬಂದಿದ್ದೀರಾ?"

ಹಳೆಯ ಪುಸ್ತಕದಂಗಡಿಯಲ್ಲಿ, ಕುಸಿದುಬಿದ್ದ ಪುಸ್ತಕಗಳ ನಡುವೆ ಕೂತು ಹಣೆ ಉಜ್ಜಿಕೊಳ್ಳುತ್ತಿದ್ದವನನ್ನು ಕಂಡು ಎನಿಕೊಗೆ ಜೀವವೇ ಬಾಯಿಗೆ ಬಂದಂತಾಯಿತು.

"ಅಯ್ಯೋ, ಕ್ಷಮಿಸಿ! ರಾಶಿಯ ಆಚೆ ಯಾರೂ ಇಲ್ಲ ಅಂದ್ಕೊಂಡೆ... ತುಂಬಾ ಪೆಟ್ಟಾಯ್ತಾ?"

"ನಿಘಂಟು ಬಿದ್ದಿದ್ರೆ ಸತ್ತೇ ಹೋಗ್ತಿದ್ದೆ. ಪುಣ್ಯಕ್ಕೆ ಬಿದ್ದಿದ್ದು ಕವನಸಂಕಲನ!"

ಅವಳಿಗೆ ನಗಲಾಗಲಿಲ್ಲ. ರಾಶಿಯ ಬುಡದಿಂದ ಎಳೆದ ಕೆಂಪು ರಟ್ಟಿನ ಪುಸ್ತಕ ಕೈಯಲ್ಲಿತ್ತು. ಅದರ ಬೆನ್ನಿನ ಮೇಲೆ, ಅಕ್ಷರಗಳ ನೆತ್ತಿಗೆ ಎರಡೆರಡು ಚುಕ್ಕಿ ಕಂಡಾಗ ಎದೆ ಹಾರಿತ್ತು. ತೆರೆದು ನೋಡಿದರೆ... ತುರ್ಕಿ ಭಾಷೆ!

ಕಣ್ಣು ತುಂಬಿ ಬಂತು.

ಅವನು ಗಾಬರಿಯಾದ. "ಇದೇನ್ರೀ, ಪೆಟ್ಟು ಬಿದ್ದಿದ್ದು ನನಗೆ, ಅಳೋದು ನೀವಾ?"

"ನಮ್ಮ ಭಾಷೇದು ಅಂದ್ಕೊಂಡಿದ್ದೆ. ಹಂಗೇರಿಯನ್..."

ಎನಿಕೊ ಮಾಂಟ್ರಿಯಲ್‌ಗೆ ಬಂದು ವರ್ಷ ದಾಟಿತ್ತು. ಕೆಲಸಕ್ಕಿದ್ದ ಕೇಕ್ ಅಂಗಡಿಯ ಒಲೆಯ ಮುಂದೆ ದಿನವಿಡೀ ಫ್ರೆಂಚ್, ಬಾಡಿಗೆಮನೆಯ ಮೆಟ್ಟಿಲ ಮೇಲೆ ಇಂಗ್ಲಿಷ್. ಫೋನಿನಲ್ಲಿ ಓದಬಹುದಿತ್ತು, ನಿಜ. ಆದರೆ ಯಾರೋ ಓದಿ, ಮೂಲೆ ಮಡಿಸಿ, ಕಾಫಿ ಕಲೆ ಬಿಟ್ಟುಹೋದ ಹಳೆಯ ಪುಸ್ತಕ ಪಕ್ಕದಲ್ಲಿದ್ದರೆ ತನ್ನ ಭಾಷೆಯ ಇನ್ನೊಬ್ಬರು ಮನೆಯಲ್ಲಿದ್ದಾರೆ ಅನಿಸುತ್ತಿತ್ತು ಅವಳಿಗೆ.

ಅವನೂ ಪುಸ್ತಕ ಕೊಳ್ಳಲು ಬಂದವನೇ, ಹೆಸರು ಯಾನಿಕ್. ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ಹುಟ್ಟಿದ್ದು, ಬೆಳೆದದ್ದು ಇದೇ ಊರಿನಲ್ಲಿ.

"ಈ ಊರಿಗೆ ಬಂದ ಹಂಗೇರಿಯವರೇನು ಕಡಿಮೆಯಾ? ಅವರು ಓದಿದ ಪುಸ್ತಕ ಎಲ್ಲೋ ಇರಲೇಬೇಕು. ಹುಡುಕೋಣ. ಶನಿವಾರ ಬಿಡುವಿದೆಯಾ?"

ಬಿಡುವಿತ್ತು. ಮುಂದಿನ ಶನಿವಾರವೂ ಇತ್ತು, ಅದರ ಮುಂದಿನದೂ.

ಮಂಜುಗಟ್ಟಿದ ಕಬ್ಬಿಣದ ಮೆಟ್ಟಿಲು ಹತ್ತಿದರು. ಚರ್ಚಿನ ನೆಲಮಾಳಿಗೆಗೆ ಇಳಿದರು. ಒಂದು ಅಂಗಡಿಯ ಚರಿತ್ರೆ ವಿಭಾಗದಲ್ಲಿ ಬೆಕ್ಕು ಮಲಗಿತ್ತು. ಅದನ್ನು ಎಬ್ಬಿಸಲು ಮಾಲೀಕ ಒಪ್ಪಲೇ ಇಲ್ಲ!

"ಒಳ್ಳೇ ಅಂಗಡಿ ಹೇಗೆ ಗೊತ್ತಾಗುತ್ತೆ ನಿಮಗೆ?" ಅವಳು ಒಮ್ಮೆ ಕೇಳಿದಳು.

"ಅಂಗಡಿಯವನು ಓದ್ತಾ ಕೂತಿದ್ದು, ನೀವು ಬಂದಿದ್ದಕ್ಕೆ ಸಿಡುಕಿದ್ರೆ ಅದು ಒಳ್ಳೇ ಅಂಗಡಿ!"

ಹಂಗೇರಿಯನ್ ಪುಸ್ತಕ ಮಾತ್ರ ಸಿಗಲಿಲ್ಲ. ಆದರೂ ಬಟಾಣಿ ಸೂಪ್ ಕುಡಿದು ಮನೆಗೆ ಮರಳುವಾಗ ಅವಳ ಮನಸ್ಸು ಹಗುರವಾಗಿರುತ್ತಿತ್ತು.

'ಇವನ ಜೊತೆಗಿದ್ದಾಗ ನನಗೇಕೆ ಊರು ನೆನಪಾಗುವುದಿಲ್ಲ?'

ಉತ್ತರ ಹುಡುಕಲು ಭಯವಾಗುತ್ತಿತ್ತು. ವಸಂತದ ಹೊತ್ತಿಗೆ ಅವಳ ಕೆಲಸದ ಪರವಾನಗಿ ಮುಗಿಯಲಿತ್ತು. "ಇರ್ತೀಯೋ, ಹೋಗ್ತೀಯೋ, ಒಂದು ಹೇಳಮ್ಮ," ಎಂದು ಕೇಕ್ ಅಂಗಡಿಯ ಮಾಲೀಕ ಕೇಳುತ್ತಲೇ ಇದ್ದ.

ಚಳಿಗಾಲ ಮುಗಿಯುತ್ತ ಬಂದ ಒಂದು ಶನಿವಾರ ಯಾನಿಕ್‌ಗೆ ಶಾಲೆಯ ಸಂಗೀತ ಕಚೇರಿ ಇತ್ತು. ಎನಿಕೊ ಒಬ್ಬಳೇ ಹೊರಟಳು. ಅವನು ಯಾಕೋ ಒಮ್ಮೆಯೂ ಕರೆದೊಯ್ಯದ ರೋಸ್‌ಮೌಂಟ್ ಬಡಾವಣೆಯ ಕಡೆ ನಡೆದು, ಬಾಗಿಲು ಅರ್ಧ ತೆರೆದಿದ್ದ ಪುಟ್ಟ ಅಂಗಡಿಯೊಂದರೊಳಗೆ ಹೆಜ್ಜೆಯಿಟ್ಟಳು.

ಹಿಂದಿನ ಗೋಡೆ... ನೆಲದಿಂದ ಛಾವಣಿವರೆಗೆ... ಹಂಗೇರಿಯನ್!

ಕಾದಂಬರಿ, ಅಡುಗೆ, ಮಕ್ಕಳ ಕಥೆ! ಒಂದನ್ನು ಎಳೆದು, ಮೊದಲ ಸಾಲನ್ನು ಗಟ್ಟಿಯಾಗಿ ಓದಿಯೇಬಿಟ್ಟಳು.

ಅಂಗಡಿಯ ಒಡತಿ, ಮದಾಂ ತೆರಿಯೊ, ಕನ್ನಡಕ ಮೇಲೇರಿಸಿದಳು. "ಓಹೋ! ಯಾನಿಕ್ ಹೇಳ್ತಿದ್ದ ಹಂಗೇರಿ ಹುಡುಗಿ ನೀನೇನಾ? ಕೊನೆಗೂ ಬಂದ್ಯಲ್ಲ ತಾಯಿ! ಕ್ರಿಸ್‌ಮಸ್‌ಗೂ ಮುಂಚೆಯೇ ಅವನಿಗೆ ಇವನ್ನೆಲ್ಲ ತೋರಿಸಿದ್ದೆ. ಯಾರಿಗೂ ಮಾರಬೇಡಿ, ಕರ್ಕೊಂಡು ಬರ್ತೀನಿ ಅಂದಿದ್ದ."

ಎನಿಕೊ ಮುಖದ ನಗು ಆರಿತು.

ಕ್ರಿಸ್‌ಮಸ್‌ಗೂ ಮುಂಚೆ! ಹಾಗಾದರೆ ಆಮೇಲೆ ಸುತ್ತಿದ್ದೆಲ್ಲ...? 'ನನ್ನ ಅಳು ಇವನಿಗೆ ಆಟವಾಗಿತ್ತೇ?'

ಆ ವಾರ ಅವಳು ಅವನ ಒಂದು ಕರೆಯನ್ನೂ ಎತ್ತಲಿಲ್ಲ. ಸಂಜೆಯಾದರೆ ಆ ಅಂಗಡಿಯಿಂದ ತಂದ ಪುಸ್ತಕ ಓದುತ್ತ ಕೂರುತ್ತಿದ್ದಳು. ಒಮ್ಮೆ, ಅಡುಗೆಮನೆಗೆ ನುಗ್ಗಿದ ಬಾತುಕೋಳಿಯ ಪ್ರಸಂಗ ಓದಿ ಬಿದ್ದೂಬಿದ್ದೂ ನಕ್ಕಳು.

"ಯಾನಿಕ್, ಇದು ಕೇಳಿ ಇಲ್ಲಿ..."

ತಲೆಯೆತ್ತಿದರೆ ಎದುರಿಗಿದ್ದದ್ದು ಖಾಲಿ ಕುರ್ಚಿ.

ಬೇಕಾದ ಪುಸ್ತಕ ಕೈಯಲ್ಲಿತ್ತು. ಅದನ್ನು ಹೇಳಿಕೊಳ್ಳಬೇಕಾದ ಮನುಷ್ಯ ಜೊತೆಗಿರಲಿಲ್ಲ. ಕೋಪ ಇನ್ನೂ ಇತ್ತು. ಆದರೆ ಅದರ ಅಡಿಯಲ್ಲಿ ಏನಿದೆಯೆಂದು ಅವಳಿಗೆ ಅಂದು ಗೊತ್ತಾಯಿತು.

ಮದಾಂ ತೆರಿಯೊ ಹೇಳಿ ವಿಷಯ ತಿಳಿದು, ಭಾನುವಾರ ಮಧ್ಯಾಹ್ನ ಕೇಕ್ ಅಂಗಡಿಯ ಸಾಲಿನಲ್ಲಿ ಯಾನಿಕ್ ನಿಂತಿದ್ದ. ಅವನ ಸರದಿ ಬಂತು.

"ಏನು ಬೇಕು?" ಎನಿಕೊ ಮುಖ ಎತ್ತದೆ ಕೇಳಿದಳು.

"ಕ್ಷಮೆ."

"ಅದಿಲ್ಲಿ ಮಾಡೋದಿಲ್ಲ. ಗಸಗಸೆ ರೋಲ್ ಇದೆ."

"ಎನಿಕೊ, ಒಂದು ಮಾತು ಕೇಳಿ..."

"ನೀವು ಕೇಳಿ! ನನಗೆ ಹಸಿವಾಗಿತ್ತು ಯಾನಿಕ್. ಊಟ ಎಲ್ಲಿದೆ ಅಂತ ಗೊತ್ತಿದ್ದೂ ನನ್ನನ್ನ ಊರೆಲ್ಲ ಸುತ್ತಿಸಿದ್ರಿ!"

"ಹೌದು." ಅವನು ತಲೆ ತಗ್ಗಿಸಿದ. "ಪುಸ್ತಕ ಸಿಕ್ಕಿಬಿಟ್ಟರೆ ಶನಿವಾರ ನಿಮಗೆ ನಾನು ಯಾಕೆ ಬೇಕು? ಮುಂದಿನ ವಾರ ಹೇಳೋಣ, ಮುಂದಿನ ವಾರ ಹೇಳೋಣ ಅಂತಾನೇ ದಿನ ತಳ್ಳಿದೆ. ನನ್ನ ಭಯಾನೇ ನೋಡ್ಕೊಂಡೆ, ನಿಮ್ಮ ಹಸಿವು ನೋಡಲಿಲ್ಲ. ತಪ್ಪು ನಂದೇ. ನೀವಂದ್ರೆ ನನಗೆ... ತುಂಬಾ ಇಷ್ಟ."

ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು ಅವನ ಬೆನ್ನು ತಿವಿದಳು. "ಸರಿಯಾಗಿ ಹೇಳಿದೆ ಮಗಾ. ಈಗ ಪಕ್ಕಕ್ಕೆ ನಿಲ್ಲು, ನನ್ನ ಬ್ರೆಡ್ ತಣ್ಣಗಾಗ್ತಿದೆ!"

ಎನಿಕೊಗೆ ನಗು ತಡೆಯಲಾಗಲಿಲ್ಲ. ಕಣ್ಣಂಚು ಒರೆಸಿಕೊಂಡು, "ಹೊರಗೆ ಕಾಯಿ. ಕೆಲಸ ಮುಗಿಸಿ ಬರ್ತೀನಿ," ಎಂದಳು.

'ಕಾಯಿ' ಅಂದಳು, 'ಕಾಯಿರಿ' ಅನ್ನಲಿಲ್ಲ! ಯಾನಿಕ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಂಜು ಕರಗಿ ಬೀದಿಯೆಲ್ಲ ಒದ್ದೆಯಾಗಿತ್ತು. ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದು ಅವನ ಪಕ್ಕ ನಡೆಯತೊಡಗಿದಳು. ಬೀದಿಯ ಕೊನೆಗೆ ಬಂದಾಗ ಅವಳೇ ಕೇಳಿದಳು.

"ಇನ್ನೊಂದು ಸಲ ಏನನ್ನಾದರೂ ಮುಚ್ಚಿಟ್ಟರೆ?"

"ಮುಚ್ಚಿಡಲ್ಲ. ಆಣೆ."

"ಹಾಗಾದ್ರೆ ಕೇಳು. ಪರವಾನಗಿ ಮುಂದುವರಿಸಿ ಅಂತ ನಾಳೆ ಮಾಲೀಕರಿಗೆ ಹೇಳ್ತೀನಿ. ನಾನು ಇಲ್ಲೇ ಇರ್ತೀನಿ."

ಅವನು ನಿಂತುಬಿಟ್ಟ. "ಮದಾಂ ತೆರಿಯೊ ಹತ್ರ ಅಷ್ಟೊಂದು ಪುಸ್ತಕ ಸಿಕ್ತು ಅಂತಾನಾ?"

ಎನಿಕೊ ಅವನ ತೋಳಿಗೆ ತೋಳು ಸೇರಿಸಿದಳು.

"ಪುಸ್ತಕ ನಮ್ಮೂರಲ್ಲೂ ಸಿಗುತ್ತೆ ಕಣೋ, ದಡ್ಡ!"